ಎರಡನೆಯ ದಿನದ ಮಾತು: ಗ್ರೀಕರಲ್ಲಿ ವಾಗ್ಮಿತೆ ಮತ್ತು ಅರಿವು

ಕ್ರಿ.ಪೂ. 427ರ ಬೇಸಿಗೆಯಲ್ಲಿ ಅಥೆನ್ಸಿನ ಜನಸಭೆ ಒಂದೇ ವಿಷಯವನ್ನು ಕುರಿತು ಎರಡು ದಿನ ಸೇರಿತು. ಮೊದಲ ದಿನ ಅದು ಮಿಟಿಲೀನಿ ಎಂಬ ಊರಿನ ಪ್ರಾಯದ ಗಂಡಸರನ್ನೆಲ್ಲ ಕೊಲ್ಲಬೇಕೆಂದೂ ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿಸಬೇಕೆಂದೂ ತೀರ್ಮಾನಿಸಿತು. ಮರುದಿನ ಅದೇ ಸಭೆ ಆ ತೀರ್ಮಾನವನ್ನು ಹಿಂತೆಗೆದುಕೊಂಡಿತು. ಈ ಎರಡು ದಿನಗಳ ನಡುವೆ ಹೊಸ ಸಾಕ್ಷ್ಯವೇನಾದರೂ ಬಂದಿತೆಂದು ಇತಿಹಾಸಕಾರ ಥುಸಿಡಿಡೀಸ್ ಎಲ್ಲಿಯೂ ಬರೆದಿಲ್ಲ. ನಡುವೆ ಇದ್ದದ್ದು ಒಂದು ರಾತ್ರಿ. ಅದರ ಬಳಿಕ ಕೆಲವು ಭಾಷಣಗಳು.

ಅದೇ ವರ್ಷ ಸಿಸಿಲಿ ದ್ವೀಪದ ಲಿಯಾಂಟಿನಿ ಪಟ್ಟಣದಿಂದ ಅಥೆನ್ಸಿಗೆ ಒಂದು ರಾಯಭಾರ ಬಂತು. ನೆರೆಯ ಸಿರಾಕ್ಯೂಸಿನ ಕಾಟಕ್ಕೆ ಸಿಕ್ಕಿದ್ದ ಆ ಪಟ್ಟಣಕ್ಕೆ ನೆರವು ಕೇಳಲು ಬಂದವರ ಮುಂದಾಳು ಗೋರ್ಗಿಯಾಸ್. ಅವನ ಸಮತೂಕದ ವಾಕ್ಯಗಳನ್ನೂ ಪ್ರಾಸದ ಮೋಡಿಯನ್ನೂ ಕೇಳಿ ಅಥೆನ್ಸಿನವರು ಬೆರಗಾದರೆಂದು ಶತಮಾನಗಳ ಅನಂತರ ಡಯೊಡೋರಸ್ ದಾಖಲಿಸಿದ್ದಾನೆ. ಅಥೆನ್ಸ್ 20 ಹಡಗುಗಳನ್ನು ಸಿಸಿಲಿಗೆ ಕಳುಹಿಸಿತು. ಗೋರ್ಗಿಯಾಸನ ಹೆಸರನ್ನೇ ಸಂವಾದವೊಂದಕ್ಕೆ ಇಟ್ಟು ಮುಂದೆ ವಾಗ್ಮಿತೆಯ ಮೇಲೆ ಅತ್ಯಂತ ಕಠಿಣವಾದ ದೋಷಾರೋಪ ಹೊರಿಸಿದ ಪ್ಲೇಟೋ ಹುಟ್ಟಿದ್ದೂ ಹೆಚ್ಚುಕಡಿಮೆ ಆ ಹೊತ್ತಿಗೇ ಎಂಬುದು ವಾಡಿಕೆಯ ಲೆಕ್ಕ.

ಚೆನ್ನಾಗಿ ಮಾತನಾಡಬಲ್ಲವನಿಗೂ ನಿಜವಾಗಿ ತಿಳಿದವನಿಗೂ ಇರುವ ಸಂಬಂಧವೇನು? ಗ್ರೀಕರು ಮುಂದಿನ ನೂರು ವರ್ಷ ಈ ಪ್ರಶ್ನೆಯನ್ನು ಹಿಡಿದು ಜಗಳವಾಡಿದರು. ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರಿಗೆ ತರಗತಿಯಲ್ಲಿ ಈ ಜಗಳದ ಒಂದು ಸರಳ ರೂಪವಷ್ಟೇ ಸಿಕ್ಕಿತ್ತು: ಒಂದು ಕಡೆ ಹಣಕ್ಕೆ ಮಾತು ಕಲಿಸುವ ಸೋಫಿಸ್ಟರು, ಇನ್ನೊಂದು ಕಡೆ ಸತ್ಯಕ್ಕಾಗಿ ಪ್ರಾಣ ಕೊಟ್ಟ ಸಾಕ್ರಟೀಸ್. ಸೋಫಿಸ್ಟ್ ಎಂಬುದನ್ನು ವಿತಂಡವಾದಿ ಎಂದು ಕನ್ನಡಿಸಿಬಿಟ್ಟರೆ ತೀರ್ಪು ಅನುವಾದದಲ್ಲೇ ಮುಗಿದುಹೋಗುತ್ತದೆ. ಆದರೆ ಆ ಕಾಲದ ಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಬೇರೊಂದು ಎಳೆ ಕಾಣುತ್ತದೆ. ಅವರೆಲ್ಲರ ಮುಂದಿದ್ದ ನಿಜವಾದ ತೊಡಕು ಕಾಲದ್ದು. ಅರಿವಿಗೆ ಬಿಡುವು ಬೇಕು. ತೀರ್ಮಾನಕ್ಕೆ ಗಡುವು ಇರುತ್ತದೆ. ಈ ನಡುವಣ ಅಂತರವನ್ನು ಯಾವುದರಿಂದ ತುಂಬಬೇಕು ಎಂಬಲ್ಲಿ ಅವರು ಬೇರೆ ಬೇರೆ ದಾರಿ ಹಿಡಿದರು.

ಅಥೆನ್ಸಿನ ವ್ಯವಸ್ಥೆಯೇ ಈ ಅಂತರವನ್ನು ದಿನನಿತ್ಯ ಎದುರಿಗೆ ತಂದು ನಿಲ್ಲಿಸುತ್ತಿತ್ತು. ನಿಕ್ಸ್ ಎಂಬ ಗುಡ್ಡದ ಮೇಲೆ ಸಾವಿರಾರು ನಾಗರಿಕರು ಸೇರುತ್ತಿದ್ದರು. ಯಾರು ಮಾತನಾಡಬಯಸುತ್ತೀರಿ ಎಂದು ಸಾರುವವನು ಕೂಗಿ ಕೇಳುತ್ತಿದ್ದ. ಯುದ್ಧ, ಸಂಧಿ, ತೆರಿಗೆ, ಗಡಿಪಾರು ಎಲ್ಲವೂ ಕೈಯೆತ್ತುವುದರಿಂದಲೋ ಗುರುತಿನ ಚೂರುಗಳಿಂದಲೋ ನಿರ್ಧಾರವಾಗುತ್ತಿದ್ದವು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಅಲ್ಲಿ ದನಿಯಿರಲಿಲ್ಲ. ಇದ್ದವರಿಗೆ ಮಾತ್ರ ಮಾತೇ ಅಧಿಕಾರ. ನ್ಯಾಯಾಲಯವೂ ಹಾಗೆಯೇ. ವೃತ್ತಿಯ ನ್ಯಾಯಾಧೀಶನಿಲ್ಲ, ಸರ್ಕಾರಿ ವಕೀಲನಿಲ್ಲ. ದಿನಕ್ಕೆ ಮೂರು ಒಬೊಲ್ ಭತ್ಯೆ ಪಡೆದು ಕುಳಿತ ನೂರಾರು ಸಾಮಾನ್ಯ ನಾಗರಿಕರ ಮುಂದೆ ವಾದಿ ಪ್ರತಿವಾದಿಗಳು ತಮ್ಮ ಮೊಕದ್ದಮೆಯನ್ನು ತಾವೇ ಹೇಳಿಕೊಳ್ಳಬೇಕು. ಮಾತು ಬಾರದವನು ಲಿಸಿಯಾಸನಂಥ ಲೇಖಕನಿಗೆ ಹಣ ಕೊಟ್ಟು ಭಾಷಣ ಬರೆಸಿಕೊಂಡು ಬಾಯಿಪಾಠ ಮಾಡುತ್ತಿದ್ದ.

ಆ ಭಾಷಣಕ್ಕೊಂದು ಅಳತೆಯೂ ಇತ್ತು. ನಮ್ಮ ಹಿಂದಿನವರ ಗಳಿಗೆಬಟ್ಟಲು ನೀರಿನಲ್ಲಿ ಮೆಲ್ಲಗೆ ತುಂಬಿ ಮುಳುಗುವಂಥದು; ಅಥೆನ್ಸಿನ ನ್ಯಾಯಾಲಯದ್ದು ತಳದ ತೂತಿನಿಂದ ನೀರು ಸೋರಿ ಬರಿದಾಗುವ ಮಡಕೆ. ಅಂಥದೊಂದು ಮಣ್ಣಿನ ಪಾತ್ರೆ ಅಥೆನ್ಸಿನ ಪೇಟೆಚೌಕವಾದ ಅಗೋರಾದ ಉತ್ಖನನದಲ್ಲಿ ಸಿಕ್ಕಿದೆ. ಅದು ಬರಿದಾಗಲು ಸುಮಾರು 6 ನಿಮಿಷ ಸಾಕು. ದೊಡ್ಡ ಮೊಕದ್ದಮೆಗೆ ಹೆಚ್ಚು ನೀರು, ಸಣ್ಣದಕ್ಕೆ ಕಡಿಮೆ. ನೀರು ನಿಂತಿತೆಂದರೆ ಮಾತೂ ನಿಲ್ಲಬೇಕು. ಸೂರ್ಯ ಮುಳುಗುವುದರೊಳಗೆ ತೀರ್ಪು ಬರಬೇಕು. ತೀರ್ಪಿನ ಮೇಲೆ ಮೇಲ್ಮನವಿಯಿಲ್ಲ.

ಇಂಥ ಕಡೆ ಸತ್ಯ ತಿಳಿದಿಲ್ಲದಿದ್ದರೆ ಅದರ ಸ್ಥಾನದಲ್ಲಿ ಏನನ್ನು ಇಡುವುದು? ಇದಕ್ಕೆ ಉತ್ತರ ಮೊದಲು ಸಿಸಿಲಿಯಿಂದ ಬಂತೆನ್ನುವುದು ಗ್ರೀಕ್ ಪರಂಪರೆ. ಐದನೆಯ ಶತಮಾನದ ನಡುವೆ ಅಲ್ಲಿನ ಸರ್ವಾಧಿಕಾರಿಗಳು ಪದಚ್ಯುತರಾದಾಗ ಕಳೆದುಕೊಂಡ ಆಸ್ತಿಗಳಿಗಾಗಿ ಮೊಕದ್ದಮೆಗಳ ಮಹಾಪೂರವೇ ಹರಿಯಿತು. ಆಗ ಕೊರಾಕ್ಸ್ ಮತ್ತು ಟಿಸಿಯಾಸ್ ಎಂಬವರು ವಾದಿಸುವ ಕ್ರಮವನ್ನು ಪಾಠವಾಗಿಸಿದರು ಎಂದು ಹೇಳುತ್ತಾರೆ. ಅವರ ಮುಖ್ಯ ಆಯುಧ ಸಂಭಾವ್ಯತೆ. ಹೊಡೆದಾಟದ ಮೊಕದ್ದಮೆಯಲ್ಲಿ ಆರೋಪಿ ಬಡಕಲನಾಗಿದ್ದರೆ, ನನ್ನಂಥವನು ಅವನಂಥವನನ್ನು ಹೊಡೆಯುವುದು ಸಂಭವವೇ ಎಂದು ಕೇಳಬೇಕು. ಆರೋಪಿ ದಾಂಡಿಗನಾಗಿದ್ದರೆ, ಎಲ್ಲರ ಅನುಮಾನ ನೇರ ನನ್ನ ಮೇಲೇ ಬರುವುದೆಂದು ಗೊತ್ತಿದ್ದೂ ನಾನು ಹೊಡೆಯುವೆನೇ ಎಂದು ಕೇಳಬೇಕು. ನಗು ಬರುವ ಈ ಉದಾಹರಣೆಯಲ್ಲಿ ಒಂದು ಗಂಭೀರ ಒಪ್ಪಿಗೆ ಅಡಗಿದೆ: ಕಂಡವರಿಲ್ಲದ ಕಡೆ ಮನುಷ್ಯರು ಸಂಭವವನ್ನು ತೂಗಿಯೇ ತೀರ್ಮಾನಿಸುತ್ತಾರೆ.

ಗೋರ್ಗಿಯಾಸ್ ಈ ಒಪ್ಪಿಗೆಯನ್ನು ಕೊನೆಯವರೆಗೂ ಎಳೆದ. ಟ್ರಾಯ್ ಯುದ್ಧಕ್ಕೆ ಕಾರಣಳೆಂದು ಎಲ್ಲರೂ ಹಳಿದ ಹೆಲೆನಳನ್ನು ಸಮರ್ಥಿಸುವ ಅವನ ಸಣ್ಣ ಭಾಷಣ ಇಂದಿಗೂ ಉಳಿದಿದೆ. ಅವಳು ಹೋದದ್ದು ದೈವದಿಂದಲೋ ಬಲಾತ್ಕಾರದಿಂದಲೋ ಮಾತಿನಿಂದಲೋ ಮೋಹದಿಂದಲೋ. ನಾಲ್ಕರಲ್ಲಿ ಯಾವುದಾದರೂ ಅವಳು ನಿರಪರಾಧಿಯೇ ಎಂಬುದು ವಾದದ ಚೌಕಟ್ಟು. ಮಾತಿನಿಂದ ಒಲಿದವಳೂ ನಿರಪರಾಧಿ ಹೇಗೆ? ಮಾತು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದರೂ ದೊಡ್ಡ ದೊರೆ ಎನ್ನುತ್ತಾನೆ ಗೋರ್ಗಿಯಾಸ್. ಔಷಧಿಗಳಲ್ಲಿ ಕೆಲವು ರೋಗ ಕಳೆಯುವಂತೆ, ಕೆಲವು ಪ್ರಾಣ ಕಳೆಯುವಂತೆ, ಮಾತುಗಳೂ ಒಮ್ಮೆ ಅಳಿಸುತ್ತವೆ, ಒಮ್ಮೆ ನಲಿಸುತ್ತವೆ, ಒಮ್ಮೆ ಧೈರ್ಯ ತುಂಬುತ್ತವೆ, ಮತ್ತೊಮ್ಮೆ ಮನಸ್ಸಿಗೆ ಮಂಕುಬೂದಿ ಎರಚುತ್ತವೆ. ಈ ಶಕ್ತಿ ಎಲ್ಲಿಂದ ಬಂತೆಂಬುದಕ್ಕೂ ಅವನು ಕಾರಣ ಕೊಡುತ್ತಾನೆ. ಎಲ್ಲರಿಗೂ ಹಿಂದಿನದರ ನೆನಪು, ಇಂದಿನದರ ತಿಳಿವು, ಮುಂದಿನದರ ಮುನ್ನೋಟ ಪೂರ್ತಿಯಾಗಿ ಇದ್ದಿದ್ದರೆ ಮಾತಿಗೆ ಇಷ್ಟು ಬಲ ಬರುತ್ತಿರಲಿಲ್ಲ. ಅದಿಲ್ಲದ್ದರಿಂದಲೇ ಜನ ಅಭಿಪ್ರಾಯವನ್ನು ತಮ್ಮ ಮಂತ್ರಿಯನ್ನಾಗಿ ಮಾಡಿಕೊಂಡಿದ್ದಾರೆ. ಆ ಮಂತ್ರಿಯೋ ಜಾರುಕಾಲಿನವನು. ಭಾಷಣದ ಕೊನೆಯಲ್ಲಿ ಗೋರ್ಗಿಯಾಸ್ ಇದನ್ನೆಲ್ಲ ತನ್ನ ಆಟಿಕೆ ಎಂದು ಕರೆದುಬಿಡುತ್ತಾನೆ. ಆಟವಾದರೂ ಅದರೊಳಗಿನ ಮಾತು ಗಟ್ಟಿಯಾದದ್ದೇ: ಅರಿವು ಇಲ್ಲದ ಜಾಗದಲ್ಲಿ ಮಾತು ಆಳುತ್ತದೆ.

ಅಬ್ಡೆರಾದ ಪ್ರೊಟಾಗೊರಸ್ ಅವನಿಗಿಂತ ಸಮಾಧಾನಿ. ಎಲ್ಲದಕ್ಕೂ ಮನುಷ್ಯನೇ ಅಳತೆಗೋಲು ಎಂದವನು ಅವನು. ಪ್ರತಿಯೊಂದು ವಿಷಯಕ್ಕೂ ಪರಸ್ಪರ ವಿರುದ್ಧವಾದ ಎರಡು ವಾದಗಳಿವೆ ಎಂದವನೂ ಅವನೇ. ತಾನು ಕಲಿಸುವುದು ಮನೆಯನ್ನೂ ನಾಡನ್ನೂ ನಡೆಸಲು ಬೇಕಾದ ವಿವೇಚನೆಯನ್ನು ಎಂದು ಪ್ಲೇಟೋನ ಸಂವಾದವೊಂದರಲ್ಲಿ ಅವನು ಹೇಳಿಕೊಳ್ಳುತ್ತಾನೆ. ಮತ್ತೊಂದು ಸಂವಾದದಲ್ಲಿ ಪ್ಲೇಟೋ ಅವನ ಪರವಾಗಿ ಮಂಡಿಸುವ ಸಮರ್ಥನೆಯಂತೂ ಎದುರಾಳಿಗೆ ತೋರಿಸಿದ ಗೌರವವೇ ಸರಿ. ರೋಗಿಗೆ ಕಹಿಯಾಗಿರುವ ಊಟ ಆರೋಗ್ಯವಂತನಿಗೆ ರುಚಿಯಾಗಿರುತ್ತದೆ. ವೈದ್ಯ ರೋಗಿಗೆ ನಿನ್ನ ನಾಲಿಗೆ ಸುಳ್ಳು ಹೇಳುತ್ತಿದೆ ಎನ್ನುವುದಿಲ್ಲ. ಮದ್ದು ಕೊಟ್ಟು ಅವನ ಸ್ಥಿತಿಯನ್ನು ಬದಲಾಯಿಸುತ್ತಾನೆ. ಸೋಫಿಸ್ಟನೂ ಮಾತಿನ ಮದ್ದಿನಿಂದ ಮನಸ್ಸನ್ನು ಹೆಚ್ಚು ಒಳ್ಳೆಯ ಸ್ಥಿತಿಗೆ ತರುತ್ತಾನೆ, ಹೆಚ್ಚು ಸತ್ಯವಾದ ಸ್ಥಿತಿಗಲ್ಲ.

ಇವು ಕೇವಲ ಪಾಠಶಾಲೆಯ ಚರ್ಚೆಗಳಲ್ಲ ಎಂಬುದಕ್ಕೆ ಮಿಟಿಲೀನಿಯೇ ಸಾಕ್ಷಿ. ಲೆಸ್ಬಾಸ್ ದ್ವೀಪದ ಆ ಪಟ್ಟಣ ಅಥೆನ್ಸಿನ ಮಿತ್ರಕೂಟದಲ್ಲಿದ್ದು, ಸ್ಪಾರ್ಟಾದೊಡನೆ ಯುದ್ಧ ನಡೆಯುತ್ತಿದ್ದಾಗಲೇ 428ರಲ್ಲಿ ದಂಗೆಯೆದ್ದಿತು; ಮರುವರ್ಷ ಅಥೆನ್ಸಿನ ಸೇನಾನಿ ಪೇಕೀಸನಿಗೆ ಶರಣಾಯಿತು. ಕೋಪದ ಭರದಲ್ಲಿ ಸಭೆ ಮರಣದಂಡನೆ ವಿಧಿಸಿ ಅಂದೇ ಒಂದು ಹಡಗನ್ನು ಕಳುಹಿಸಿತು. ಬೆಳಗಾಗುವ ಹೊತ್ತಿಗೆ ಜನಕ್ಕೆ ಪಶ್ಚಾತ್ತಾಪ. ತಪ್ಪು ಮಾಡಿದ ಕೆಲವರಿಗಾಗಿ ಇಡೀ ಊರನ್ನು ಕೊಲ್ಲುವುದು ಕ್ರೂರವೆನ್ನಿಸಿ, ವಿಷಯವನ್ನು ಮತ್ತೆ ಸಭೆಯ ಮುಂದೆ ತರಿಸಿದರು.

ಮೊದಲ ತೀರ್ಮಾನವನ್ನು ಮಾಡಿಸಿದ್ದ ಕ್ಲಿಯಾನ್ ಎದ್ದು ನಿಂತ. ಅವನು ಮಾಡಿದ ಮೊದಲ ಕೆಲಸವೆಂದರೆ ಮಾತನ್ನೇ ಬೈದದ್ದು. ನೀವು ಸೋಫಿಸ್ಟರ ಪ್ರದರ್ಶನಕ್ಕೆ ಕುಳಿತ ಪ್ರೇಕ್ಷಕರಂತಾಗಿದ್ದೀರಿ, ಹೊಸ ವಾದಕ್ಕೆ ಮರುಳಾಗಿ ನಿನ್ನೆಯ ನಿರ್ಧಾರವನ್ನು ಮರೆಯುತ್ತೀರಿ, ಬುದ್ಧಿವಂತರಿಗಿಂತ ಸಾಮಾನ್ಯರೇ ರಾಜ್ಯವನ್ನು ಚೆನ್ನಾಗಿ ನಡೆಸುತ್ತಾರೆ ಎಂಬುದು ಅವನ ಧಾಟಿ. ವಾಗ್ಮಿತೆಯನ್ನು ಹಳಿಯುವ ಆ ಭಾಷಣ ವಾಗ್ಮಿತೆಯ ಎಲ್ಲ ಪಟ್ಟುಗಳನ್ನೂ ಬಳಸುತ್ತದೆ. ನಮಗೂ ಇದು ಹೊಸದಲ್ಲ. ನಾನು ಮಾತುಗಾರನಲ್ಲ ಎಂದು ಆರಂಭಿಸುವವರ ಮಾತನ್ನು ನಾವೂ ಸಭೆಗಳಲ್ಲಿ ತಾಸುಗಟ್ಟಲೆ ಕೇಳಿದ್ದೇವೆ.

ಅವನಿಗೆ ಉತ್ತರ ಕೊಟ್ಟವನು ಯೂಕ್ರಟೀಸನ ಮಗ ಡಯೊಡೊಟಸ್. ಈ ಒಂದು ಪ್ರಸಂಗದ ಹೊರಗೆ ಅವನ ವಿಚಾರ ನಮಗೇನೂ ಸಿಗುವುದಿಲ್ಲ. ಅವಸರ ಮತ್ತು ಕೋಪ ಒಳ್ಳೆಯ ಆಲೋಚನೆಯ ಎರಡು ದೊಡ್ಡ ಶತ್ರುಗಳು ಎಂದು ಆರಂಭಿಸಿದ ಅವನು ಕರುಣೆಯ ಮಾತನ್ನೇ ಆಡಲಿಲ್ಲ. ನಾವು ಕುಳಿತಿರುವುದು ನ್ಯಾಯಾಲಯದಲ್ಲಲ್ಲ, ಆಲೋಚನಾಸಭೆಯಲ್ಲಿ. ಮಿಟಿಲೀನಿಯವರು ತಪ್ಪಿತಸ್ಥರೇ ಎಂಬುದಕ್ಕಿಂತ ನಮಗೆ ಯಾವುದು ಹಿತವೆಂಬುದು ಇಲ್ಲಿಯ ಪ್ರಶ್ನೆ ಎಂದ. ಮರಣದಂಡನೆಯ ಹೆದರಿಕೆ ಯಾವ ದಂಗೆಯನ್ನೂ ತಡೆದಿಲ್ಲ. ಶರಣಾದವರಿಗೂ ಸಾವೇ ಗತಿಯೆಂದಾದರೆ ಮುಂದೆ ದಂಗೆಯೆದ್ದ ಯಾವ ಊರೂ ಶರಣಾಗದೆ ಕೊನೆಯವರೆಗೂ ಹೋರಾಡುತ್ತದೆ. ಪ್ರತಿ ಊರಿನಲ್ಲಿಯೂ ನಮ್ಮ ಪರವಾಗಿರುವ ಸಾಮಾನ್ಯ ಜನರು ಈ ಕೊಲೆಯಿಂದ ನಮಗೆ ಎರವಾಗುತ್ತಾರೆ. ಇವು ಅವನ ವಾದಗಳು. ನಡುವೆ ಅವನು ಹೇಳುವ ಒಂದು ಮಾತು ಓದುಗನನ್ನು ತಡೆದು ನಿಲ್ಲಿಸುತ್ತದೆ. ಈ ಊರಿನಲ್ಲಿ ಅನುಮಾನ ಎಷ್ಟು ಬೆಳೆದಿದೆಯೆಂದರೆ ಒಳ್ಳೆಯ ಸಲಹೆ ಕೊಡುವವನೂ ನಂಬಿಕೆ ಗಳಿಸಲು ಸುಳ್ಳು ಹೇಳಬೇಕಾಗಿದೆ ಎನ್ನುತ್ತಾನೆ ಅವನು. ಹಾಗಾದರೆ ಹಿತದ ಲೆಕ್ಕಾಚಾರವೆಲ್ಲ ಅವನ ಕರುಣೆ ತೊಟ್ಟ ವೇಷವಾಗಿತ್ತೇ? ಥುಸಿಡಿಡೀಸ್ ಬಿಡಿಸಿ ಹೇಳುವುದಿಲ್ಲ. ಭಾಷಣಗಳನ್ನು ಅಕ್ಷರಶಃ ಕೊಡದೆ ಸಂದರ್ಭಕ್ಕೆ ತಕ್ಕುದನ್ನು ತಾನೇ ರಚಿಸಿದ್ದೇನೆಂದು ಅವನು ಗ್ರಂಥದ ಮೊದಲಲ್ಲೇ ಒಪ್ಪಿಕೊಂಡಿದ್ದಾನೆಂಬುದನ್ನೂ ನಾವು ನೆನಪಿಡಬೇಕು.

ಕೈಗಳು ಎದ್ದಾಗ ಎರಡು ಪಕ್ಷಗಳೂ ಹೆಚ್ಚುಕಡಿಮೆ ಸಮ. ಡಯೊಡೊಟಸ್ ಅಲ್ಪದರಲ್ಲಿ ಗೆದ್ದ. ಎರಡನೆಯ ಹಡಗು ಹೊರಟಿತು. ಮೊದಲನೆಯದಕ್ಕೆ ಸುಮಾರು ಒಂದು ಹಗಲು ಒಂದು ರಾತ್ರಿಯ ಮುನ್ನಡೆಯಿತ್ತು. ಹಡಗಿನವರು ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಬಾರ್ಲಿ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದರು, ಸರದಿಯಲ್ಲಿ ಮಲಗಿದರು. ಎದುರುಗಾಳಿ ಬೀಸಲಿಲ್ಲ. ಮೊದಲ ಹಡಗಿನವರೋ ಮನಸ್ಸಿಲ್ಲದ ಕೆಲಸಕ್ಕೆ ಹೊರಟವರಾದ್ದರಿಂದ ನಿಧಾನವಾಗಿ ಸಾಗಿದ್ದರು. ಪೇಕೀಸ್ ಆಜ್ಞೆಯನ್ನು ಓದಿ ಜಾರಿಗೆ ತರಲು ಸಿದ್ಧನಾಗುವ ಹೊತ್ತಿಗೆ ಎರಡನೆಯ ಹಡಗು ದಡ ಸೇರಿತು. ಊರು ಉಳಿಯಿತು. ಆದರೂ ದಂಗೆಯ ಮುಖ್ಯ ಹೊಣೆಗಾರರೆಂದು ಅಥೆನ್ಸಿಗೆ ಕಳುಹಿಸಲಾಗಿದ್ದವರನ್ನು ಕ್ಲಿಯಾನನ ಸೂಚನೆಯಂತೆ ಕೊಲ್ಲಲಾಯಿತು. ಥುಸಿಡಿಡೀಸನ ಗ್ರಂಥದಲ್ಲಿ ಕಾಣುವ ಅವರ ಸಂಖ್ಯೆ ಸಾವಿರಕ್ಕೂ ತುಸು ಹೆಚ್ಚು.

ಎಲ್ಲರಿಗೂ ಎರಡನೆಯ ದಿನ ಸಿಗಲಿಲ್ಲ. 406ರಲ್ಲಿ ಅರ್ಜಿನುಸೆ ದ್ವೀಪಗಳ ಬಳಿ ನೌಕಾಯುದ್ಧ ಗೆದ್ದ ಅಥೆನ್ಸಿನ ದಳಪತಿಗಳು ಬಿರುಗಾಳಿಯಿಂದಾಗಿ ತಮ್ಮ ಮುಳುಗುತ್ತಿದ್ದ ನಾವಿಕರನ್ನು ರಕ್ಷಿಸಲಾಗಲಿಲ್ಲ. ಮೊದಲ ವಿಚಾರಣೆಯ ದಿನ ಕತ್ತಲಾಗಿ ಎತ್ತಿದ ಕೈಗಳು ಕಾಣದೆ ಸಭೆ ಮುಂದಕ್ಕೆ ಹೋಯಿತು. ಮುಂದಿನ ಸಭೆಯಲ್ಲಿ ಎಲ್ಲರನ್ನೂ ಒಟ್ಟಿಗೆ, ಒಂದೇ ಮತದಿಂದ ತೀರ್ಮಾನಿಸಬೇಕೆಂಬ ಸೂಚನೆ ಬಂತು. ಒಬ್ಬೊಬ್ಬರಿಗೂ ಬೇರೆ ಬೇರೆ ವಿಚಾರಣೆ ಕೊಡಿ, ಅವಸರ ಬೇಡ ಎಂದು ಯೂರಿಪ್ಟೋಲೆಮಸ್ ಬೇಡಿಕೊಂಡ. ಸಭೆ ನಡೆಸುವ ಸರದಿಯಲ್ಲಿದ್ದವರ ಪೈಕಿ ಸಾಕ್ರಟೀಸನೂ ಒಬ್ಬ. ಕಾನೂನಿಗೆ ವಿರುದ್ಧವಾದ ಆ ಸೂಚನೆಗೆ ಅವನೊಬ್ಬ ಒಪ್ಪಲಿಲ್ಲ. ಎಂಟು ದಳಪತಿಗಳಿಗೆ ಶಿಕ್ಷೆಯಾಯಿತು, ಊರಲ್ಲಿದ್ದ ಆರು ಮಂದಿ ಸತ್ತರು. ಅಥೆನ್ಸಿನವರಿಗೆ ಪಶ್ಚಾತ್ತಾಪ ಬಂದದ್ದು ಆಮೇಲೆ. ಈ ಸಲ ಹಿಂದಟ್ಟಿ ಹೋಗಲು ಹಡಗಿರಲಿಲ್ಲ.

399ರಲ್ಲಿ ಸಾಕ್ರಟೀಸನ ಸರದಿ. ಸುಮಾರು 500 ಮಂದಿ ತೀರ್ಪುಗಾರರ ಮುಂದೆ, ಒಂದೇ ದಿನ. ಮೂವತ್ತು ಮತಗಳು ಅತ್ತಿತ್ತಲಾಗಿದ್ದರೆ ಬಿಡುಗಡೆಯಾಗುತ್ತಿತ್ತು ಎನ್ನುತ್ತಾನೆ ಪ್ಲೇಟೋ ಚಿತ್ರಿಸುವ ಸಾಕ್ರಟೀಸ್. ಅವನ ಇನ್ನೊಂದು ಮಾತನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಾವಿನ ಶಿಕ್ಷೆಯ ಮೊಕದ್ದಮೆಯನ್ನು ಒಂದು ದಿನದಲ್ಲಿ ಮುಗಿಸದೆ ಹಲವು ದಿನ ನಡೆಸುವ ಕಾನೂನು ಬೇರೆ ಕೆಲವು ಕಡೆ ಇರುವಂತೆ ಇಲ್ಲಿಯೂ ಇದ್ದಿದ್ದರೆ ನಿಮ್ಮನ್ನು ಒಪ್ಪಿಸಬಹುದಿತ್ತು. ಇಷ್ಟು ಸ್ವಲ್ಪ ಹೊತ್ತಿನಲ್ಲಿ ಇಷ್ಟು ದೊಡ್ಡ ಅಪವಾದವನ್ನು ಕಳೆಯುವುದು ಸುಲಭವಲ್ಲ ಎನ್ನುತ್ತಾನೆ ಅವನು. ಮಾತಿನ ಮೇಲೆ ನಂಬಿಕೆ ಕಳೆದುಕೊಂಡವನು ಹೀಗೆ ಹೇಳುವುದಿಲ್ಲ. ಮಾತಿಗೆ ಹೊತ್ತು ಸಾಲದೆಂಬುದು ಅವನ ದೂರು.

ಗುರುವಿನ ಸಾವನ್ನು ಕಂಡ ಪ್ಲೇಟೋ ವಾಗ್ಮಿತೆಯನ್ನು ವಿಚಾರಣೆಗೆ ಗುರಿಪಡಿಸಿದ್ದು ಈ ಹಿನ್ನೆಲೆಯಲ್ಲಿ. ಗೋರ್ಗಿಯಾಸನ ಹೆಸರಿನ ಸಂವಾದದಲ್ಲಿ ಸಾಕ್ರಟೀಸ್ ಮನವೊಲಿಕೆಯನ್ನು ಎರಡಾಗಿ ಒಡೆಯುತ್ತಾನೆ: ಅರಿವು ಹುಟ್ಟಿಸುವುದು ಒಂದು, ಅರಿವಿಲ್ಲದೆ ನಂಬಿಕೆಯನ್ನಷ್ಟೇ ಹುಟ್ಟಿಸುವುದು ಇನ್ನೊಂದು. ನ್ಯಾಯಾಲಯದ ಮಾತು ಎರಡನೆಯದು. ಏಕೆಂದರೆ ಅಷ್ಟು ದೊಡ್ಡ ಗುಂಪಿಗೆ ಅಷ್ಟು ದೊಡ್ಡ ವಿಷಯಗಳನ್ನು ಸ್ವಲ್ಪ ಹೊತ್ತಿನಲ್ಲಿ ಕಲಿಸಲಾಗುವುದಿಲ್ಲ. ಗೋರ್ಗಿಯಾಸ್ ತನ್ನ ಹೆಗ್ಗಳಿಕೆಯನ್ನು ಹೇಳಿಕೊಳ್ಳುತ್ತಾನೆ. ಅವನ ಅಣ್ಣನೋ ತಮ್ಮನೋ ಆದ ಹೆರೋಡಿಕಸ್ ವೈದ್ಯ. ಮದ್ದು ಕುಡಿಯಲು, ಶಸ್ತ್ರಚಿಕಿತ್ಸೆಗೆ ಒಳಗಾಗಲು ರೋಗಿ ಒಪ್ಪದಿದ್ದಾಗ ವೈದ್ಯನಿಂದ ಆಗದ್ದನ್ನು ತಾನು ಬರಿಯ ಮಾತಿನಿಂದ ಮಾಡಿಸಿದ್ದೇನೆ ಎನ್ನುತ್ತಾನೆ. ಸಾಕ್ರಟೀಸನ ಉತ್ತರ ಅಡುಗೆಮನೆಯಿಂದ ಬರುತ್ತದೆ. ವೈದ್ಯಕ್ಕೂ ಬಾಯಿರುಚಿಯ ಅಡುಗೆಗೂ ಇರುವ ಸಂಬಂಧವೇ ನ್ಯಾಯಕ್ಕೂ ವಾಗ್ಮಿತೆಗೂ ಇರುವುದು. ಒಂದು ಹಿತವನ್ನು ಬಲ್ಲದು, ಇನ್ನೊಂದು ಪ್ರಿಯವನ್ನು ಊಹಿಸುತ್ತದೆ. ಅದು ಶಾಸ್ತ್ರವಲ್ಲ, ಪಳಗಿದ ಕೈಚಳಕ. ಓಲೈಕೆಯ ಒಂದು ಬಗೆ. ಮಕ್ಕಳೇ ನ್ಯಾಯಾಧೀಶರಾಗಿ, ಅಡುಗೆಯವನೇ ಫಿರ್ಯಾದಿಯಾದರೆ ವೈದ್ಯನ ಗತಿಯೇನು ಎಂದು ಅವನು ಕೇಳುವಾಗ ಯಾರ ಮೊಕದ್ದಮೆಯ ಮಾತು ನಡೆದಿದೆಯೆಂಬುದು ಓದುಗರಿಗೆ ತಿಳಿದೇ ಇತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಯೂ ಊಟವನ್ನೂ ಮಾತನ್ನೂ ಜೊತೆಗಿಡುತ್ತದೆ. ಪ್ಲೇಟೋ ಅದನ್ನು ಕೇಳಿದ್ದರೆ ಬಲ್ಲವನು ಎಂಬ ಪದವನ್ನು ಹಿಡಿದುಕೊಳ್ಳುತ್ತಿದ್ದ: ಏನನ್ನು ಬಲ್ಲವನು, ರುಚಿಯನ್ನೋ ಪಥ್ಯವನ್ನೋ?

ಥಿಯೇಟಿಟಸ್ ಸಂವಾದದಲ್ಲಿ ಪ್ಲೇಟೋ ನೀರಿನ ಮಡಕೆಯನ್ನು ನೇರವಾಗಿಯೇ ತರುತ್ತಾನೆ. ತತ್ತ್ವಜಿಜ್ಞಾಸು ಬಿಡುವಿನಲ್ಲಿ ಬೆಳೆದವನು. ಒಂದು ವಿಷಯದಿಂದ ಇನ್ನೊಂದಕ್ಕೆ ಮನಸ್ಸು ಬಂದಂತೆ ಹೋಗಬಲ್ಲ. ನ್ಯಾಯಾಲಯದ ಮಾತುಗಾರ ಹರಿಯುವ ನೀರಿನ ಗುಲಾಮ. ಬಿಡುವು ಎಂಬರ್ಥದ ಗ್ರೀಕ್ ಪದದಿಂದಲೇ ಸ್ಕೂಲ್ ಎಂಬ ಪದ ಹುಟ್ಟಿತೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಪ್ಲೇಟೋ ಅಲ್ಲಿಗೇ ನಿಲ್ಲಲಿಲ್ಲ. ಫೀಡ್ರಸ್ ಸಂವಾದದಲ್ಲಿ ನಿಜವಾದ ವಾಗ್ಮಿತೆಯೊಂದು ಸಾಧ್ಯವೆಂದು ಒಪ್ಪುತ್ತಾನೆ. ಅಂಥ ಮಾತುಗಾರ ಮೊದಲು ವಿಷಯದ ಸತ್ಯವನ್ನು ಅರಿತಿರಬೇಕು; ಬಳಿಕ ಆತ್ಮಗಳ ಬಗೆಗಳನ್ನರಿತು, ಯಾವ ಬಗೆಯ ಮನಸ್ಸು ಯಾವ ಬಗೆಯ ಮಾತಿಗೆ ಒಲಿಯುತ್ತದೆಂದು ತಿಳಿದು ಮಾತನಾಡಬೇಕು. ಈ ಷರತ್ತುಗಳನ್ನು ಪೂರೈಸಲು ಒಂದು ಆಯುಸ್ಸು ಬೇಕು. ಐದುನೂರು ಮನಸ್ಸುಗಳ ಮುಂದೆ ನಿಂತವನಿಗೆ ಅದು ಕೈಗೆಟುಕದ ಆದರ್ಶ.

ಐಸಾಕ್ರಟೀಸ್ ಇಲ್ಲಿಯೇ ಪ್ಲೇಟೋನಿಂದ ಬೇರೆಯಾದ. 436ರಲ್ಲಿ ಹುಟ್ಟಿ 338ರವರೆಗೆ ಬಾಳಿದ ಇವನದು ಸಣ್ಣ ದನಿ, ಸಭಾಕಂಪದ ಸ್ವಭಾವ. ಜನಸಭೆಯಲ್ಲಿ ಮಾತನಾಡದೆ ಬರೆದೇ ಬದುಕಿದ ವಾಗ್ಮಿ. ಯುದ್ಧದಲ್ಲಿ ಮನೆತನದ ಆಸ್ತಿ ಕರಗಿದ ಮೇಲೆ ಕೆಲಕಾಲ ಇತರರ ಮೊಕದ್ದಮೆಗಳಿಗೆ ಭಾಷಣ ಬರೆದು, ಸುಮಾರು 390ರ ಹೊತ್ತಿಗೆ ತನ್ನದೇ ಶಾಲೆ ತೆರೆದ. ಮೂರು ನಾಲ್ಕು ಮಿನಾ ಹಣಕ್ಕೆ ಸುಖವನ್ನೂ ಸದ್ಗುಣವನ್ನೂ ಕೊಡುತ್ತೇವೆನ್ನುವ ಸೋಫಿಸ್ಟರನ್ನು ಅವನು ಗೇಲಿ ಮಾಡಿದ. ಮನುಷ್ಯ ಸ್ವಭಾವಕ್ಕೆ ಎಲ್ಲ ಸಂದರ್ಭಗಳಲ್ಲೂ ಏನು ಮಾಡಬೇಕು, ಏನು ಹೇಳಬೇಕು ಎಂಬುದರ ನಿಶ್ಚಿತ ಜ್ಞಾನ ದಕ್ಕುವಂಥದಲ್ಲ. ಆದ್ದರಿಂದ ಬಹುಪಾಲು ಸಂದರ್ಭಗಳಲ್ಲಿ ಸರಿಯಾದುದನ್ನು ಊಹಿಸಿ ಮುಟ್ಟಬಲ್ಲವನೇ ಜಾಣ ಎಂಬುದು ಅವನ ನಿಲುವು. ಉಪಯೋಗವಿಲ್ಲದ್ದರ ಬಗೆಗಿನ ಖಚಿತ ಜ್ಞಾನಕ್ಕಿಂತ ಉಪಯುಕ್ತವಾದುದರ ಬಗೆಗಿನ ಹದವಾದ ಅಭಿಪ್ರಾಯ ಮೇಲೆಂದು ಅವನು ಬಗೆದ. ಅಭಿಪ್ರಾಯವೆಂಬ ಗೋರ್ಗಿಯಾಸನ ಜಾರುಕಾಲಿನ ಮಂತ್ರಿಗೆ ಇವನು ಊರುಗೋಲು ಕೊಡಹೊರಟ: ಹುಟ್ಟುಗುಣ, ಅಭ್ಯಾಸ, ಶಿಕ್ಷಣ. ಮಾತಿನಿಂದಲೇ ಮನುಷ್ಯರು ಕಾಡುಬಾಳನ್ನು ಬಿಟ್ಟು ಊರು ಕಟ್ಟಿದರು, ಕಾನೂನು ಮಾಡಿದರು ಎಂದು ನಂಬಿದ ಅವನು ತನ್ನ ಪಾಠವನ್ನೇ ತತ್ತ್ವಶಾಸ್ತ್ರವೆಂದು ಕರೆದುಕೊಂಡ.

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಐಸಾಕ್ರಟೀಸ್ ಬೇಗ ಅರ್ಥವಾಗುತ್ತಾನೆ. ಕಡತದಲ್ಲಿ ಟಿಪ್ಪಣಿ ಬರೆಯುವವನ ಬಳಿ ಎಲ್ಲ ಮಾಹಿತಿಯೂ ಇರುವುದಿಲ್ಲ; ತಾರೀಖು ಮಾತ್ರ ಇರುತ್ತದೆ. ಆದರೂ ಐಸಾಕ್ರಟೀಸನ ಉತ್ತರದಲ್ಲಿ ಒಂದು ಬಿರುಕಿದೆ. ಹದವಾದ ಅಭಿಪ್ರಾಯ ಯಾವುದು, ಅದನ್ನು ಬರಿಯ ಒಪ್ಪಿತವಾದ ಅಭಿಪ್ರಾಯದಿಂದ ಬೇರ್ಪಡಿಸುವುದು ಹೇಗೆ ಎಂದು ಕೇಳಿದರೆ ಅವನು ಸುಶಿಕ್ಷಿತನತ್ತ ಬೆರಳು ತೋರಿಸುತ್ತಾನೆಯೇ ಹೊರತು ಪರೀಕ್ಷೆಯ ವಿಧಾನವನ್ನು ಹೇಳುವುದಿಲ್ಲ. ತನ್ನ 82ನೆಯ ವಯಸ್ಸಿನಲ್ಲಿ, ಸಾಕ್ರಟೀಸನ ವಿಚಾರಣೆಯನ್ನು ನೆನಪಿಗೆ ತರುವ ಒಂದು ಕಲ್ಪಿತ ಮೊಕದ್ದಮೆಯನ್ನು ಕಟ್ಟಿ ಅವನು ತನ್ನ ಬಾಳನ್ನು ಸಮರ್ಥಿಸಿಕೊಂಡ. ಬಿಡುವಾಗಿ ಮನೆಯಲ್ಲಿ ಕುಳಿತು ಬರೆದ ಆ ಉದ್ದನೆಯ ಭಾಷಣದ ಕೊನೆಯಲ್ಲಿ ತನ್ನ ನೀರು ಮುಗಿಯುತ್ತಿದೆ ಎನ್ನುತ್ತಾನೆ. ಕಲ್ಪನೆಯ ನ್ಯಾಯಾಲಯದಲ್ಲೂ ಅವನಿಗೆ ಆ ಮಡಕೆಯಿಂದ ಬಿಡುಗಡೆಯಿಲ್ಲ.

ಪರೀಕ್ಷೆಯ ವಿಧಾನವನ್ನು ಹುಡುಕಿದವನು ಅರಿಸ್ಟಾಟಲ್. 367ರಲ್ಲಿ, 17ರ ಹರೆಯದಲ್ಲಿ ಪ್ಲೇಟೋನ ಅಕಾಡೆಮಿಗೆ ಬಂದ ಇವನು ಗುರುವಿನ ತಿರಸ್ಕಾರವನ್ನೂ ಐಸಾಕ್ರಟೀಸನ ತೃಪ್ತಿಯನ್ನೂ ಪೂರ್ತಿ ಒಪ್ಪಲಿಲ್ಲ. ಅವನ ದೃಷ್ಟಿಯಲ್ಲಿ ವಾಗ್ಮಿತೆ ತರ್ಕಸಂವಾದದ ಜೊತೆಗಾರ; ಯಾವುದೇ ವಿಷಯದಲ್ಲಿ ಮನವೊಲಿಸಬಲ್ಲ ಅಂಶಗಳು ಯಾವುವೆಂದು ಕಾಣುವ ಸಾಮರ್ಥ್ಯ. ನಾವು ಸಮಾಲೋಚಿಸುವುದು ಹೀಗೂ ಆಗಬಹುದಾದ, ಹಾಗೂ ಆಗಬಹುದಾದ ವಿಷಯಗಳನ್ನು ಮಾತ್ರ. ತ್ರಿಕೋನದ ಕೋನಗಳ ಮೊತ್ತವನ್ನು ಯಾರೂ ಮತಕ್ಕೆ ಹಾಕುವುದಿಲ್ಲ. ಗಣಿತಜ್ಞನಿಂದ ಸಂಭಾವ್ಯತೆಯನ್ನು ಒಪ್ಪಿಕೊಳ್ಳುವುದೂ ಮಾತುಗಾರನಿಂದ ಗಣಿತದ ಸಾಧನೆಯನ್ನು ಕೇಳುವುದೂ ಒಂದೇ ಬಗೆಯ ಅವಿವೇಕ ಎಂದು ಅವನು ತನ್ನ ನೀತಿಶಾಸ್ತ್ರದಲ್ಲಿ ಹೇಳುತ್ತಾನೆ. ಅನಿಶ್ಚಿತವಾದುದಕ್ಕೂ ಅದರದೇ ಆದ ತರ್ಕವಿದೆ, ಅದನ್ನು ಕಲಿಯಬಹುದು, ಕಲಿಸಬಹುದು, ತಪ್ಪಿದ್ದರೆ ತೋರಿಸಬಹುದು. ಮಾತುಗಾರನ ನಡತೆ, ಕೇಳುಗರ ಭಾವ, ವಾದದ ತಿರುಳು ಎಂಬ ಮೂರು ಸಾಧನಗಳನ್ನು ಅವನು ವಿಂಗಡಿಸಿದ. ಹಿಂದಿನ ಕೈಪಿಡಿಗಳು ಕೋಪ, ಕನಿಕರಗಳನ್ನು ಕೆರಳಿಸುವುದರಲ್ಲೇ ಮುಳುಗಿವೆ ಎಂದು ಆಕ್ಷೇಪಿಸಿದವನೇ ಕೋಪವೆಂದರೇನು, ಯಾರ ಮೇಲೆ, ಯಾವಾಗ ಬರುತ್ತದೆ ಎಂದು ಪುಟಗಟ್ಟಲೆ ವಿವರಿಸಿದ.

ಕಾಲದ ತೊಡಕೂ ಅವನಿಗೆ ಗೊತ್ತಿತ್ತು. ಕಾನೂನುಗಳು ದೀರ್ಘ ಆಲೋಚನೆಯಿಂದ ಹುಟ್ಟುತ್ತವೆ, ತೀರ್ಪುಗಳನ್ನು ನಿಂತ ನಿಲುವಿನಲ್ಲೇ ಕೊಡಬೇಕಾಗುತ್ತದೆ. ಆದ್ದರಿಂದ ಆದಷ್ಟನ್ನೂ ಕಾನೂನೇ ನಿರ್ಧರಿಸಿ, ತೀರ್ಪುಗಾರರಿಗೆ ಸ್ವಲ್ಪವನ್ನು ಬಿಡುವುದು ಮೇಲು ಎಂದ. ಮಾತಿನ ದುರುಪಯೋಗದ ಆಕ್ಷೇಪಕ್ಕೆ ಅವನ ಉತ್ತರ ನೇರವಾದದ್ದು: ದೇಹಬಲ, ಆರೋಗ್ಯ, ಸಂಪತ್ತು, ಸೇನಾಪತ್ಯಗಳೂ ಹಾಗೆಯೇ ದುರುಪಯೋಗವಾಗುತ್ತವೆ. ಸತ್ಯ ಮತ್ತು ನ್ಯಾಯಗಳು ಸ್ವಭಾವತಃ ಬಲವಾದುವು. ಅವು ಸೋತರೆ ಅದರ ಹೊಣೆ ಅವುಗಳ ಪರ ನಿಂತು ಸರಿಯಾಗಿ ಮಾತನಾಡದವರದು. ಒಳ್ಳೆಯವರ ಮೌನಕ್ಕೆ ಇಷ್ಟು ನಿಷ್ಠುರವಾದ ಟೀಕೆ ವಿರಳ.

ಈಗ ಮಿಟಿಲೀನಿಯ ಎರಡನೆಯ ದಿನವನ್ನು ಈ ನಾಲ್ವರ ಮುಂದೆ ಇಟ್ಟು ನೋಡೋಣ. ಗೋರ್ಗಿಯಾಸ್ ಅದರಲ್ಲಿ ತನ್ನ ಔಷಧಿಯನ್ನು ಕಾಣುತ್ತಿದ್ದ: ಒಂದು ದಿನ ವಿಷ, ಮರುದಿನ ಅದಕ್ಕ ಮದ್ದು. ಪ್ಲೇಟೋಗೆ ಸಮಾಧಾನವಾಗುತ್ತಿರಲಿಲ್ಲ, ಊರು ಉಳಿದದ್ದು ನಿಜ, ಆದರೆ ಕೈಯೆತ್ತಿದವರಲ್ಲಿ ಯಾರೂ ನ್ಯಾಯವೆಂದರೇನೆಂದು ಅರಿತು ಎತ್ತಲಿಲ್ಲ, ಇನ್ನೊಂದು ದಿನ ಮತ್ತೆ ತಪ್ಪುವರು. ಇತಿಹಾಸ ಅವನ ಪರವಾಗಿಯೂ ಸಾಕ್ಷಿ ಹೇಳುತ್ತದೆ. ಸುಮಾರು ಹನ್ನೊಂದು ವರ್ಷಗಳ ಮೇಲೆ ಮೆಲಾಸ್ ದ್ವೀಪದವರು ಶರಣಾದಾಗ ಅಥೆನ್ಸ್ ಅಲ್ಲಿನ ಪ್ರಾಯದ ಗಂಡಸರನ್ನು ಕೊಂದೇಬಿಟ್ಟಿತು. ಐಸಾಕ್ರಟೀಸ್ ಡಯೊಡೊಟಸನಲ್ಲಿ ತನ್ನ ಆದರ್ಶ ಶಿಷ್ಯನನ್ನು ಕಾಣುತ್ತಿದ್ದ. ಅರಿಸ್ಟಾಟಲನ ವಿಂಗಡಣೆಯಂತೆ ನ್ಯಾಯಾಲಯದ ಮಾತಿನ ಗುರಿ ನ್ಯಾಯ, ಆಲೋಚನಾಸಭೆಯ ಮಾತಿನ ಗುರಿ ಹಿತ. ಆ ಶಾಸ್ತ್ರ ಹುಟ್ಟುವ ಎಷ್ಟೋ ಮೊದಲೇ ಡಯೊಡೊಟಸ್ ಆ ಗೆರೆಯನ್ನು ಎಳೆದಿದ್ದ, ಅದರಿಂದಲೇ ಗೆದ್ದಿದ್ದ.

ನಾಲ್ವರೂ ಒಂದೊಂದು ನಿಜವನ್ನು ಹಿಡಿದಿದ್ದಾರೆ. ಆದರೆ ಊರನ್ನು ಉಳಿಸಿದ್ದು ಬರಿಯ ಡಯೊಡೊಟಸನ ವಾಗ್ಮಿತೆಯಲ್ಲ, ಬರಿಯ ಅರಿವೂ ಅಲ್ಲ. ಮುಗಿದ ತೀರ್ಮಾನವನ್ನು ಮರುದಿನ ಮತ್ತೆ ಎತ್ತಿಕೊಳ್ಳಲು ಆ ಸಭೆಗೆ ಅವಕಾಶವಿತ್ತು; ನಿನ್ನೆ ಸೋತವನು ಇಂದು ಎದ್ದು ನಿಂತು ಮಾತನಾಡಬಹುದಿತ್ತು, ನಿನ್ನೆ ಕೂಗಿದವರು ಇಂದು ಕೇಳಬಹುದಿತ್ತು. ಡಯೊಡೊಟಸ್ ಮೊದಲ ದಿನವೂ ಮರಣದಂಡನೆಗೆ ವಿರುದ್ಧವಾಗಿ ಮಾತನಾಡಿದ್ದನೆಂದು ಥುಸಿಡಿಡೀಸ್ ಹೇಳುತ್ತಾನೆ. ಅಂದು ಅವನು ಸೋತ. ಕ್ಲಿಯಾನನ ಭಾಷಣದಲ್ಲಿ ನಿಜವಾಗಿ ಭಯಪಡಬೇಕಾದದ್ದು ಅವನ ಕ್ರೌರ್ಯಕ್ಕಿಂತಲೂ ಹೆಚ್ಚಾಗಿ, ನಿರ್ಧರಿಸಿದ್ದನ್ನು ಮತ್ತೆ ಚರ್ಚಿಸುವುದೇ ದೌರ್ಬಲ್ಯವೆಂಬ ವಾದ. ಮಾತಿಗೆ ಮರುಳಾಗುವ ಅಪಾಯಕ್ಕೆ ಅವನು ಸೂಚಿಸಿದ ಮದ್ದು ಮಾತನ್ನು ನಿಲ್ಲಿಸುವುದು.

ಅರಿವು ನಿಧಾನವಾಗಿ ಬರುವಂಥದು. ಅದು ಬರುವವರೆಗೆ ಲೋಕ ಕಾಯುವುದಿಲ್ಲ. ಬರುವುದರೊಳಗೆ ನಾವು ಮಾತಿನ ಮೇಲೆ ನಂಬಿಕೆಯಿಟ್ಟೇ ಎಷ್ಟೋ ತೀರ್ಮಾನ ಮಾಡಬೇಕು. ಹಾಗೆ ಮಾಡುವಾಗ ತಿದ್ದಿಕೊಳ್ಳಲು ಒಂದು ದಿನವನ್ನು ಉಳಿಸಿಕೊಂಡಿದ್ದೇವೆಯೇ ಎಂಬುದನ್ನಾದರೂ ಕೇಳಿಕೊಳ್ಳಬಹುದು. ಸಾಕ್ರಟೀಸ್ ತನ್ನ ತೀರ್ಪುಗಾರರನ್ನು ಕೇಳಿದ್ದೂ ಬೇರೇನಲ್ಲ, ಇನ್ನಷ್ಟು ದಿನಗಳನ್ನು. ಅವನಿಗೆ ಅದು ಸಿಗಲಿಲ್ಲ. ಮಿಟಿಲೀನಿಯವರಿಗೆ ಒಂದೇ ಒಂದು ದಿನ ಸಿಕ್ಕಿತು, ಅದೂ ಎದುರುಗಾಳಿ ಬೀಸದಿದ್ದುದರಿಂದ ಸಾಕಾಯಿತು.